ಇಲ್ಲದವರ ಸಲುವಾಗಿ ಸ್ತೋತ್ರ

ನಮ್ಮಪ್ಪನಿಗೆ ಯಾವ ಚಟವೂ ಇರಲಿಲ್ಲ. ಬೀಡಿ ಇಲ್ಲ, ತಂಬಾಕು ಇಲ್ಲ, ಇಸ್ಪೀಟು ಇಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ಪುಣೆಯ ಹಡಪಸರದ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೂ ಲೇಥ್ ಮಷಿನ್ ಮುಂದೆ ನಿಂತ. ದಸರೆಯ ದಿನ ಮಷಿನ್ ಪೂಜೆ ಮುಗಿದು ಉಳಿದವರು ಬಾಟಲಿ ತೆಗೆಯುವ ಹೊತ್ತಿಗೆ ಟಿಫಿನ್ ಡಬ್ಬಿ ಹಿಡಿದು ಮನೆಗೆ ಬಂದುಬಿಡುತ್ತಿದ್ದ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಚಟವಿಲ್ಲದ ಮನುಷ್ಯನ ಜೊತೆ ಬೆಳೆಯುವುದು ಬೇಸರದ ಕೆಲಸ. ಅವನ ಬಗ್ಗೆ ಹೇಳಲು ಒಂದು ಕಥೆಯೂ ಸಿಗುವುದಿಲ್ಲ. ನನ್ನ ತಮ್ಮ ವಿಕಾಸನ ತಕರಾರೂ ಅದೇ ಆಗಿತ್ತು.

ನಾವು ಬೆಟಗೇರಿ ಕಡೆಯ ಕ್ರೈಸ್ತರು. ಮುತ್ತಜ್ಜನ ಕಾಲದಲ್ಲಿ ಮಿಶನ್ನಿನವರು ಬಂದರು, ಅಜ್ಜನ ಕಾಲದಲ್ಲಿ ಮಗ್ಗ ಹೋಯಿತು, ಅಪ್ಪ ಯಾಕೋಬಪ್ಪನ ಕಾಲಕ್ಕೆ ಹೊಟ್ಟೆಪಾಡಿಗೆ ಪುಣೆ. ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ. ನಿನ್ನೆ ನಿಲ್ಲಿಸಿದ ಅಧ್ಯಾಯದ ಮುಂದಿನ ಅಧ್ಯಾಯ, ಬಿಟ್ಟು ಹಾರುವಂತಿಲ್ಲ. ಯಾರು ಯಾರನ್ನು ಪಡೆದರು, ಯಾವ ಕುಲದಲ್ಲಿ ಎಷ್ಟು ಗಂಡಸರಿದ್ದರು, ಗುಡಾರದ ಪರದೆಗೆ ಎಷ್ಟು ಕೊಂಡಿ, ಎಲ್ಲವನ್ನೂ ಅಪ್ಪ ಲೇಥ್ ಕೆಲಸದ ಅಳತೆ ಓದಿದ ಹಾಗೆ ಒಂದೇ ದನಿಯಲ್ಲಿ ಓದುತ್ತಿದ್ದ. ನನಗೆ ನಂಬಿಕೆ ಅಂತ ಏನಾದರೂ ಇದ್ದರೆ ಅದು ಆ ಬೇಸರದಿಂದಲೇ ಬಂದದ್ದು. ದರ್ಶನ ಆಗಲಿಲ್ಲ, ಕಣ್ಣೀರು ಬರಲಿಲ್ಲ. ಹಲ್ಲುಜ್ಜುವ ಅಭ್ಯಾಸದ ಹಾಗೆ ಬಂತು, ಹೋಗಲಿಲ್ಲ.

ಓದು ಮುಗಿದ ಮೇಲೆ ಅಪ್ಪನದೇ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ಆ ದಿನ ತಮಗೆ ಒಳ್ಳೆಯದು ಮಾಡಿದ ಒಬ್ಬ ಮನುಷ್ಯನ ಹೆಸರು ಹೇಳಿ, ಅವನ ಸಲುವಾಗಿ ದೇವರಿಗೆ ಸ್ತೋತ್ರ ಹೇಳಬೇಕು. ಒಂದು ವಾರದಲ್ಲಿ ಅದೇ ಹೆಸರು ಮತ್ತೆ ಬರಬಾರದು. ನಾನು ನೀರು ಬಿಡುವವನು, ಕಿರಾಣಿ ಅಂಗಡಿಯವನು, ಬಸ್ಸಿನಲ್ಲಿ ಜಾಗ ಕೊಟ್ಟ ಮಾವಶಿ ಅಂತ ಹೇಗೋ ವಾರ ದೂಡುತ್ತಿದ್ದೆ. ವಿಕಾಸನಿಗೆ ಗುರುವಾರದ ಹೊತ್ತಿಗೇ ಜನ ಮುಗಿದುಹೋಗುತ್ತಿದ್ದರು. ಒಂದು ಗುರುವಾರ ಅವನು ಪ್ರಲ್ಹಾದ ಸರ್ ಅನ್ನುವ ಡ್ರಿಲ್ ಮಾಸ್ತರರನ್ನು ತಂದ. ಬಿಸಿಲಲ್ಲಿ ಓಡುವಾಗ ತಮ್ಮ ಬಾಟಲಿಯ ನೀರು ಕೊಟ್ಟರಂತೆ. ಮುಂದಿನ ವಾರ ಅದೇ ಪ್ರಲ್ಹಾದ ಸರ್ ಇವನ ಮೊಣಕಾಲಿಗೆ ಔಷಧಿ ಹಚ್ಚಿದರು. ಆಮೇಲೆ ತಮ್ಮ ಹೆಂಡತಿ ಸತ್ತ ಸುದ್ದಿಯನ್ನು ಇವನೊಬ್ಬನಿಗೇ ಹೇಳಿ ಅತ್ತರು. ಅವ್ವ ಕರಗಿಹೋದಳು. ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ಕರಿದು, ಡಬ್ಬಿ ತುಂಬಿಕೊಂಡು ಸಾಲೆಗೆ ಹೋದಳು. ಆ ಹೆಸರಿನ ಮಾಸ್ತರು ಅಲ್ಲಿ ಯಾವತ್ತೂ ಇರಲಿಲ್ಲ. ಡಬ್ಬಿ ವಾಪಸ್ ಬಂತು.

ಅಪ್ಪ ಹೊಡೆಯಲಿಲ್ಲ. ಸಂಜೆ ಅಧ್ಯಾಯ ಮುಗಿಸಿ ಕನ್ನಡಕ ತೆಗೆದು ಅಂದ: "ವಿಕ್ಯಾ, ಇಲ್ಲದವರ ಸಲುವಾಗಿ ಸ್ತೋತ್ರ ಹೇಳಬ್ಯಾಡೋ. ಇದ್ದವರಿಗೆ ಹೇಳೂದರಾಗನ ನಮ್ಮ ಆಯುಷ್ಯ ಸಾಲಂಗಿಲ್ಲ."

ಅಷ್ಟೇ. ಆಮೇಲೆ ಊಟಕ್ಕೆ ಕೂತೆವು. ಹೊಡೆದಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ.

ಅಪ್ಪನ ಬದುಕಿನಲ್ಲಿ ಅವನದೇ ಅನ್ನುವಂಥದು ಒಂದೇ ಇತ್ತು. ಅದು ಕರ್ತನ ಭೋಜನದಲ್ಲಿ ಸಭೆಗೆಲ್ಲ ದ್ರಾಕ್ಷಿರಸ ಕುಡಿಸುವ ಬಟ್ಟಲು. ಪುಣೆಯ ಕ್ಯಾಂಪ್ ಭಾಗದ ಮರಾಠಿ ಚರ್ಚೊಂದರ ಹಾಲಿನಲ್ಲಿ ನಮ್ಮ ಕನ್ನಡ ಸಭೆ ಭಾನುವಾರ ಮಧ್ಯಾಹ್ನ ಸೇರುತ್ತದೆ. ಮರಾಠಿಯವರು ಬೆಳಿಗ್ಗೆ ಮುಗಿಸಿ ಹೋದ ಮೇಲೆ, ಅವರ ಫ್ಯಾನಿನ ಕೆಳಗೆ ನಾವು. ನಮಗೆ ಸ್ವಂತ ಪಾದ್ರಿ ಇಲ್ಲ. ತಿಂಗಳ ಮೊದಲ ಭಾನುವಾರ ಧಾರವಾಡ ಕಡೆಯಿಂದ ಅಯ್ಯನವರು ಬಸ್ಸಿನಲ್ಲಿ ಬರುತ್ತಾರೆ. ಅಪ್ಪ ಬೆಳಗಿನ ಜಾವ ಬಸ್ಸು ನಿಲ್ಲುವ ಕಾತ್ರಜಕ್ಕೆ ಸ್ಕೂಟರ್ ಒಯ್ದು ಕರೆತರುತ್ತಿದ್ದ. ಹಿಂದಿನ ದಿನ ಕಪ್ಪು ಒಣದ್ರಾಕ್ಷಿ ತೊಳೆದು, ಕುದಿಸಿ, ಹಿಂಡಿ, ಬಿಳಿ ಅರಿವೆಯಲ್ಲಿ ಸೋಸಿ, ಎರಡು ಲವಂಗ ಹಾಕಿ ರಸ ಮಾಡುತ್ತಿದ್ದ. ಅವ್ವನಿಗೂ ಆ ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಹುಳಿಯಾಗುವ ಮೊದಲೇ ಮುಗಿಯಬೇಕು ಅಂತ ಅಳೆದು ಮಾಡುತ್ತಿದ್ದ. ಭಾನುವಾರ ಬೆಳ್ಳಿಯ ಬಟ್ಟಲು ಹಿಡಿದು ಅಯ್ಯನವರ ಪಕ್ಕ ನಿಂತಾಗ ಮಾತ್ರ ಅವನ ಮುಖದ ಮೇಲೆ ಒಂದು ತರಹದ ಜಂಬ ಕಾಣುತ್ತಿತ್ತು. ಬೇರೆ ದಿನ ಕಾಣುತ್ತಿರಲಿಲ್ಲ.

ವಿಕಾಸ ಹನ್ನೆರಡನೇ ತರಗತಿಯಲ್ಲಿ ಎರಡು ಸಲ ನಪಾಸಾಗಿ, ಕೊನೆಗೆ ಊರಾಚೆಯ ಖರಾಡಿಯಲ್ಲಿ ಫ್ಲ್ಯಾಟ್ ಮಾರುವ ಕೆಲಸ ಹಿಡಿದ. ಒಳ್ಳೆ ಮಾತುಗಾರ. ಅಲ್ಲೇ ರೂಮು ಮಾಡಿದ, ಅಲ್ಲೇ ಒಂದು ಹೊಸ ಚರ್ಚಿಗೂ ಸೇರಿದ. ಅದು ಹೊಟೇಲಿನ ಮದುವೆ ಹಾಲಿನಲ್ಲಿ ನಡೆಯುತ್ತದೆ. ಬಾಗಿಲಲ್ಲಿ ಕಾಫಿ, ಒಳಗೆ ಬಣ್ಣದ ದೀಪ, ಗಿಟಾರು, ವೇದಿಕೆಯ ಮೇಲೆ ಹೊಗೆ. ಪಾಸ್ಟರ್ ಸುಖೇಶ್ ಮಂಗಳೂರಿನವರು, ಬೆಂಗಳೂರಿನಲ್ಲಿ ಬೆಳೆದವರು. ಪ್ಯಾಂಟಿನ ಮಡಿಕೆ ಮೇಲೇರಿಸಿ ಬರಿಗಣಕಾಲಲ್ಲಿ ಬಿಳಿ ಬೂಟು ಹಾಕುತ್ತಾರೆ. ಹಾಗಿದ್ದರೂ ವಿಕಾಸ ಭಾನುವಾರ ಸಂಜೆ ಮನೆಗೆ ಬಂದು ಪ್ರಾರ್ಥನೆಗೆ ಕೂತು, ಒಂದು ಹೆಸರು ಹೇಳಿ, ಉಂಡು ಹೋಗುತ್ತಿದ್ದ. ಅವ್ವನಿಗೆ ಅಷ್ಟೇ ಸಾಕಾಗಿತ್ತು.

ಕಳೆದ ವರ್ಷ ಮಳೆ ನಿಂತ ಮೇಲೆ ಆ ಚರ್ಚಿನವರು ಕೃತಜ್ಞತೆಯ ಭಾನುವಾರ ಅಂತ ಮಾಡಿದರು. ‘ನನ್ನ ನಂಬಿಕೆಯನ್ನು ರೂಪಿಸಿದವರು’ ಅನ್ನುವುದು ವಿಷಯ. ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಕಥೆ, ಹೇಳುವವರಲ್ಲಿ ವಿಕಾಸನೂ ಒಬ್ಬ. ಆ ಚರ್ಚಿನ ಇಂಪನಾ ಅನ್ನುವ ಹುಡುಗಿ ಅವ್ವನಿಗೆ ಫೋನ್ ಮಾಡಿದಳು.

"ಆಂಟಿ, ಅಂಕಲ್‌ನ ಖಂಡಿತ ಕರ್ಕೊಂಡು ಬನ್ನಿ. ವಿಕಾಸ್‌ಗೆ ಹೇಳ್ಬೇಡಿ, ಸರ್‌ಪ್ರೈಸ್. ಅಂಕಲ್ ಬಗ್ಗೆ ತುಂಬಾ ಹೇಳ್ತಾನೆ ಅವನು."

ಅಪ್ಪ ಮದುವೆಯ ಕೋಟು ತೆಗೆಸಿದ. ಇಸ್ತ್ರಿ ತಾನೇ ಮಾಡಿದ.

"ಇಷ್ಟ್ಯಾಕ ತಯಾರಿ?" ಅಂದೆ.

"ಹುಡುಗ ನಾಕ್ ಮಂದ್ಯಾಗ ಹೆಸರು ಹೇಳ್ತಾನಂತ. ಕೋಟು ಮುದುಡಿದ್ರ ನಡೀತದೇನು?" ಅಂದ. ಅವನಿಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಡಲು ಅವನಿಗೆ ಬರುತ್ತಿರಲಿಲ್ಲ.

ನಮ್ಮನ್ನು ಮೂರನೇ ಸಾಲಿನಲ್ಲಿ ಕೂಡಿಸಿದರು. ಒಬ್ಬ ತನ್ನ ಜಿಮ್ಮಿನ ಟ್ರೇನರಿಗೆ ಕೃತಜ್ಞತೆ ಹೇಳಿದ. ಅವನು ಸ್ಕ್ವಾಟ್ ಮಾಡಿಸುತ್ತ ವಾಕ್ಯ ಹೇಳಿಕೊಡುತ್ತಿದ್ದನಂತೆ. ಒಬ್ಬಳು ತನ್ನನ್ನು ಬಿಟ್ಟುಹೋದ ಹುಡುಗನಿಗೆ ಹೇಳಿದಳು. ಎಲ್ಲರ ಕಥೆಗೂ ಒಂದೇ ಅಚ್ಚು. ಮೊದಲು ಕತ್ತಲೆ, ಆಮೇಲೆ ಪಾಸ್ಟರ್ ಸುಖೇಶ್, ಕೊನೆಗೆ ಗಿಟಾರು.

ವಿಕಾಸ ಬಂದ. ಇಂಗ್ಲಿಷಿನಲ್ಲಿ ಶುರು ಮಾಡಿದ, ನಡುನಡುವೆ ಹಿಂದಿ. "ನಾನು ಬೆಳೆದ ಮನೆಯಲ್ಲಿ ಬೈಬಲ್ ಇತ್ತು," ಅಂದ. "ಅದರ ಪಕ್ಕದಲ್ಲಿ ಬಾಟಲಿಯೂ ಇತ್ತು."

ಆಗ ಅವನ ಕಣ್ಣು ಮೂರನೇ ಸಾಲಿಗೆ ಬಿತ್ತು. ಕೋಟು ಹಾಕಿಕೊಂಡ ಅಪ್ಪ ಮುಂದಕ್ಕೆ ಬಾಗಿ ಕೂತಿದ್ದ. ವಿಕಾಸ ನೀರು ಕುಡಿದ. ಅಲ್ಲಿಗೆ ಬಿಡಬಹುದಾಗಿತ್ತು. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾ ನೋಡಿದ, ಮುಂದುವರಿಸಿದ.

ಪಗಾರದ ದಿನ ಅಪ್ಪ ತೂರಾಡುತ್ತ ಬರುತ್ತಿದ್ದ. ಅವ್ವನ ಬಳೆ ಒಡೆಯುತ್ತಿದ್ದ. ಬೆಲ್ಟು ಬಿಚ್ಚುತ್ತಿದ್ದ. ಒಂದು ಕ್ರಿಸ್‌ಮಸ್ಸಿಗೆ ಬೈಬಲ್ಲನ್ನು ಕಿಟಕಿಯಿಂದ ಎಸೆದ, ಹುಡುಗ ವಿಕಾಸ ಮಳೆಯಲ್ಲಿ ಓಡಿ ಹೋಗಿ ಅದನ್ನು ಎದೆಗವಚಿಕೊಂಡ. ಪುಣೆಯಲ್ಲಿ ಡಿಸೆಂಬರಿನಲ್ಲಿ ಮಳೆ! ಜನ ಅತ್ತರು. "ತಂದೆ ಅಂದರೆ ಏನು ಅಂತ ನನಗೆ ತೋರಿಸಿದ್ದು ಪಾಸ್ಟರ್ ಸುಖೇಶ್," ಅಂದ ವಿಕಾಸ. "ನನ್ನ ನಂಬಿಕೆಗೆ ನಾನು ಅವರಿಗೆ ಋಣಿ."

ಅಪ್ಪನಿಗೆ ಕಾರ್ಖಾನೆಯ ಇಂಗ್ಲಿಷ್ ಬರುತ್ತದೆ. ಬಾಟಲಿ, ಬೆಲ್ಟು ತಿಳಿದವು. "ಯಾರ ಬಗ್ಗೆ ಹೇಳ್ಲಿಕತ್ಯಾನವಾ ಅಂವಾ?" ಅಂತ ನನ್ನ ಕಿವಿಯಲ್ಲಿ ಕೇಳಿದ. ನಾನು ಉತ್ತರ ಕೊಡುವ ಮೊದಲೇ ಪಾಸ್ಟರ್ ಸುಖೇಶ್ ವೇದಿಕೆ ಇಳಿದು ಬಂದು ಅಪ್ಪನ ಕೈ ಹಿಡಿದು ಮೇಲೆ ಕರೆದುಕೊಂಡು ಹೋದರು. ಹಾಲಿನವರೆಲ್ಲ ಎದ್ದು ನಿಂತರು.

"ಅಂಕಲ್," ಅಂದರು ಮೈಕಿನಲ್ಲಿ, ಎಲ್ಲರ ಮುಂದೆ, ಕನ್ನಡದಲ್ಲಿ, "ನಿಮ್ಮ ಮಗ ನಿಮ್ಮನ್ನ ಕ್ಷಮಿಸಿದಾನೆ. ದೇವರೂ ಕ್ಷಮಿಸಿದಾನೆ. ಏನಾದ್ರೂ ಹೇಳ್ತೀರಾ?"

ಮೈಕು ಅಪ್ಪನ ಕೈಗೆ ಬಂತು. ಅವನು ವಿಕಾಸನ ಕಡೆ ನೋಡಿದ. ವಿಕಾಸ ಅಳುತ್ತಿದ್ದ, ನಿಜವಾಗಿಯೇ ಅಳುತ್ತಿದ್ದ, ಅದೇ ಅಸಹ್ಯ. ಅಪ್ಪ ಮೈಕನ್ನು ಬಾಯಿಯ ಹತ್ತಿರ ತಂದು "ಕರ್ತನಿಗೆ ಸ್ತೋತ್ರ" ಅಂದ. ಮೈಕು ವಾಪಸ್ ಕೊಟ್ಟ. ಮೆಟ್ಟಿಲು ನೋಡಿಕೊಂಡು ಕೆಳಗಿಳಿದ. ಚಪ್ಪಾಳೆ ಬಹಳ ಹೊತ್ತು ನಡೆಯಿತು.

ರಿಕ್ಷಾದಲ್ಲಿ ನಾನು ಸುಮ್ಮನಿರಲಿಲ್ಲ. "ಅಪ್ಪಾ, ಮೈಕ್ ನಿನ್ನ ಕೈಯಾಗ ಇತ್ತು. ಸುಳ್ಳು ಅನ್ನಾಕ ಏನಾಗಿತ್ತು ನಿಂಗ?"

"ದೇವರ ಮನ್ಯಾಗ ನಿಂತು ಮಗನ್ನ ಸುಳ್ಳ ಅನ್ನಲೇನು?"

"ಅದು ದೇವರ ಮನಿ ಅಲ್ಲ. ಹೊಟೇಲಿನ ಹಾಲ್. ನಿನ್ನೆ ಅಲ್ಲೆ ಯಾರದೋ ಸೀಮಂತ ಆಗೇದ."

"ಇರ್ಲಿ ಬಿಡವಾ. ಖರಾಡ್ಯಾಗ ನನ್ನ ಯಾರು ಬಲ್ಲರು?" ಅಂದ. ಅವ್ವ ತನ್ನ ಬಳೆಗಳನ್ನೇ ನೋಡುತ್ತ ಕೂತಿದ್ದಳು. ಅಪ್ಪನ ಈ ದೊಡ್ಡತನ ಕಂಡು ನನಗೆ ಗೌರವ ಹುಟ್ಟಲಿಲ್ಲ. ಮಗನ ಸುಳ್ಳಿಗೆ ಸ್ತೋತ್ರ ಸೇರಿಸಿ ಸಹಿ ಹಾಕಿ ಬಂದಿದ್ದ, ಅಷ್ಟೇ.

ಬುಧವಾರದ ಹೊತ್ತಿಗೆ ಖರಾಡಿ ಕ್ಯಾಂಪಿಗೆ ಬಂತು. ಆ ಸಾಕ್ಷಿಯ ವಿಡಿಯೋಕ್ಕೆ ಚರ್ಚಿನವರು ‘ಕುಡುಕ ತಂದೆಯಿಂದ ಸ್ವರ್ಗದ ತಂದೆಯ ಕಡೆಗೆ’ ಅಂತ ಹೆಸರಿಟ್ಟಿದ್ದರು. ನಮ್ಮ ಸಭೆಯ ರಾಜೀವಿ ಆಂಟಿ ಅದನ್ನು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಮುಗಿದ ಕೈಗಳನ್ನು ಸಾಲಾಗಿ ಇಟ್ಟರು. ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿಯ ಮಲಕಪ್ಪ ಕಾಕಾ ಅಪ್ಪನನ್ನು ಹಿಂದಿನ ಖೋಲಿಗೆ ಕರೆದರು. ನಾನೂ ಹೋದೆ. ಬಾ ಅಂತ ಯಾರೂ ಅನ್ನಲಿಲ್ಲ.

"ಯಾಕೋಬಪ್ಪಾ, ಸಿಟ್ಟ ಆಗಬ್ಯಾಡ," ಅಂದರು ಕಾಕಾ. "ಆದ್ರ ಸಭಾದಾಗ ಮಂದಿ ಕೇಳಾಕತ್ಯಾರ. ಇಷ್ಟ್ ವರ್ಷ ನೀ ನಮಗ ಕುಡಿಸಿದ್ದು ರಸಾನೋ, ಮತ್ತೇನೋ?"

"ನೀನೂ ಕುಡದೀಯಲ್ಲೋ ಮಲಕಪ್ಪಾ. ನಿಂಗ ಗೊತ್ತಾಗಿಲ್ಲೇನು?"

"ಕುಡದೀನಿ. ಭಾಳ ರುಚಿ ಇರ್ತಿತ್ತು. ಅದಕ್ಕ ಸಂಶಯ."

"ಕಾಕಾ, ಖರೇನ ಕೇಳ್ತೀರಿ?" ಅಂದೆ. "ವಿಕ್ಯಾ ಹೇಳಿದ್ದು ಒಂದಕ್ಷರ ಖರೆ ಅಲ್ಲ. ನಮ್ಮಪ್ಪ ಸೋಡಾ ಸುದ್ದಾ ಕುಡಿಯಂಗಿಲ್ಲ."

ಕಾಕಾ ನನ್ನ ಕಡೆ ಕರುಣೆಯಿಂದ ನೋಡಿದರು. "ನೀಲಿಮಾ, ನೀ ಮಗಳು. ಮುಚ್ಚಿ ಹೇಳಾಕಿನ. ತಪ್ಪಲ್ಲ ಅದು. ಆದ್ರ ಗಂಡಮಗಾ ಸುಮ್ಸುಮ್ನ ಹಡದಪ್ಪನ ಮರ್ಯಾದಿ ಕಳೀತಾನೇನವಾ? ಮತ್ತ ನಿಮ್ಮಪ್ಪ ಏನಂದ ಅಲ್ಲೆ? ಸ್ತೋತ್ರ ಅಂದ. ಇಲ್ಲ ಅನ್ನಲಿಲ್ಲ."

ನಮ್ಮ ಜನರ ಬುದ್ಧಿ ಇದು. ಒಬ್ಬ ನೆಟ್ಟಗಿದ್ದ ಅಂತ ಹೇಳಿದರೆ ಎರಡು ಸಲ ಕೇಳುತ್ತಾರೆ. ಕೆಟ್ಟಿದ್ದ ಅಂತ ಹೇಳಿದರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಸಾಕ್ಷಿ ಕೂಟಗಳಲ್ಲಿ ಕೂತು ಕೂತು ಅವರಿಗೆ ಪಾಪದ ರುಚಿ ಹತ್ತಿದೆ. ಪಾಪ ಮಾಡುವ ಧೈರ್ಯ ಇಲ್ಲದ್ದರಿಂದ ಇನ್ನೊಬ್ಬರದನ್ನು ಕೇಳುತ್ತಾರೆ.

ಕಮಿಟಿಯ ತೀರ್ಮಾನ ಸಣ್ಣದು. ಮೊದಲ ಭಾನುವಾರ ಅಯ್ಯನವರ ಎದುರು, ಸಭೆಯ ಎದುರು ವಿಕಾಸ ಬಂದು ತಾನು ಹೇಳಿದ್ದು ಸುಳ್ಳು ಅನ್ನಲಿ. ಅಂದರೆ ಬಟ್ಟಲು ಮೊದಲಿನ ಹಾಗೆ ಯಾಕೋಬಪ್ಪನ ಕೈಗೆ. ಇಲ್ಲವಾದರೆ ಅಂಗಡಿಯ ಡಬ್ಬಿ ಜ್ಯೂಸು, ಮಲಕಪ್ಪನ ಕೈ.

ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. "ಫೋನ್ ಮಾಡು ಅವಂಗ," ಅಂದಳು ಅವ್ವ.

"ನಾ ಹೇಳಂಗಿಲ್ಲ. ಅವಂಗ ಗೊತ್ತದ," ಅಂದ ಅಪ್ಪ.

ನಾನು ಕ್ಯಾಂಪಿನ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅರ್ಧ ದಿನ ರಜೆ ಹಾಕಿ ಖರಾಡಿಗೆ ಹೋದೆ. ವಿಕಾಸ ಗಿರಾಕಿಗಳಿಗೆ ತೋರಿಸುವ ಮಾದರಿ ಫ್ಲ್ಯಾಟಿನಲ್ಲಿದ್ದ. ಗೋಡೆಯ ಟೀವಿ ರಟ್ಟಿನದು. ಮೇಜಿನ ಮೇಲಿನ ಸೇಬು ಪ್ಲಾಸ್ಟಿಕ್ಕಿನದು. ನಲ್ಲಿ ತಿರುಗಿಸಿದರೆ ನೀರು ಬರುವುದಿಲ್ಲ. ಅವನು ಅಲ್ಲಿ ಮನೆಯವನ ಹಾಗೆ ಕಾಲು ಚಾಚಿ ಕೂತಿದ್ದ.

"ಅಕ್ಕಾ, ನಾ ಮೊದಲ ಖರೇನ ಬರದಿದ್ದೆ," ಅಂದ. "ಅಪ್ಪ ದಿನಾ ಅಧ್ಯಾಯ ಓದ್ತಿದ್ದ, ಹೆಸರು ಹೇಳಸ್ತಿದ್ದ, ನನ್ನ ನಂಬಿಕೆ ಅಲ್ಲಿಂದ ಬಂತು ಅಂತ. ಇಂಪನಾ ಓದಿ ಏನಂದ್ಲು ಗೊತ್ತೇನು? ನೈಸ್, ಆದ್ರೆ ಕಷ್ಟ ಎಲ್ಲಿದೆ ಬ್ರೋ, ಅಂದ್ಲು."

"ಕಷ್ಟ ಬೇಕಿದ್ರ ನಿಂದ ಹೇಳಬೇಕಿತ್ತು. ಎರಡ್ ಸಲ ಫೇಲ್ ಆಗೀಯಲ್ಲ."

"ಅದನ್ನೂ ಹೇಳಿದ್ನೆ. ಸಾಲಂಗಿಲ್ಲ ಅಂದ್ರು."

"ಅದಕ್ಕ ಅಪ್ಪನ ಬಾಯಾಗ ಬಾಟ್ಲಿ ಇಟ್ಟಿ."

"ಆ ವಿಡಿಯೋ ನೋಡಿ ಒಬ್ಬಾಂವ ಫೋನ್ ಮಾಡಿದ್ದ, ಅಕ್ಕಾ. ಅವರಪ್ಪ ಖರೇನ ಕುಡೀತಾನಂತ. ಅರ್ಧಾ ತಾಸು ಅತ್ತ. ಈಗ ಚರ್ಚಿಗೆ ಬರ್ತಾನ. ಅಪ್ಪ ಗುಡಾರದ ಕೊಂಡಿ ಓದ್ತಿದ್ದ ಅಂತ ಹೇಳಿದ್ರ ಯಾರರ ಅಳ್ತಿದ್ರೇನು, ಹೇಳು?"

ಯಾರೂ ಅಳುತ್ತಿರಲಿಲ್ಲ. ಅಪ್ಪ ಕೊಟ್ಟದ್ದು ಅಳುವಂಥದ್ದಲ್ಲ.

"ಮೊದಲ ಭಾನುವಾರ ಸಭಾದಾಗ ಬಂದು ಸುಳ್ಳು ಅಂತ ನೀ ಅನ್ನಲಿಲ್ಲಂದ್ರ ಬಟ್ಟಲಾ ಕಸಗೋತಾರ ಕಮಿಟಿಯವರು," ಅಂದೆ. "ರಸ ಮಾಡಬ್ಯಾಡ ಅಂದಾರ. ಅಪ್ಪ ಎರಡ್ ದಿನಾ ಆತು, ನೆಟ್ಟಗ ಉಂಡಿಲ್ಲ."

ಅವನ ಮುಖ ಬದಲಾಯಿತು. ಮನಸ್ಸು ಕಲಕಿತ್ತು, ಅದು ನಾಟಕ ಅಲ್ಲ. ಪ್ಲಾಸ್ಟಿಕ್ ಸೇಬನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಬರ್ತೀನಿ," ಅಂದ. "ಮೊದಲ ಭಾನುವಾರ ಬರ್ತೀನಿ. ಬಟ್ಟಲಾ ಅಪ್ಪಗ ಸಿಗೂ ಹಂಗ ಮಾಡ್ತೀನಿ. ಆಣೆ."

ಅವನ ಆಣೆ ಅಪ್ಪನಿಗೆ ಸಾಕಾಯಿತು. ಶನಿವಾರ ದ್ರಾಕ್ಷಿ ತೊಳೆದ. ಮನೆಯೆಲ್ಲ ಲವಂಗದ ವಾಸನೆ. ಭಾನುವಾರ ಕತ್ತಲಲ್ಲೇ ಸ್ಕೂಟರ್ ತೆಗೆದು ಕಾತ್ರಜಕ್ಕೆ ಹೋಗಿ ಅಯ್ಯನವರನ್ನು ಕರೆತಂದ. ಅಯ್ಯನವರು ಒಳ್ಳೆಯವರು, ಉಪಯೋಗಕ್ಕೆ ಬಾರದವರು. ನಮ್ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ "ನೋಡೋಣ್ರಿ, ಸಭಾ ಏನಂತದ" ಅಂದರು. ಎರಡು ಸಲ ಹಾಕಿಸಿಕೊಂಡರು.

ಮಧ್ಯಾಹ್ನ ವಿಕಾಸ ಬಂದ. ಒಬ್ಬನೇ ಬರಲಿಲ್ಲ. ಪಾಸ್ಟರ್ ಸುಖೇಶ್ ಬಂದಿದ್ದರು, ಇಂಪನಾ ಬಂದಿದ್ದಳು. ಅವಳು ಮೊದಲ ಸಾಲಿನಲ್ಲಿ ಕೂತು ಫೋನ್ ಎತ್ತಿ ಹಿಡಿದಳು. ಅಪ್ಪನ ಕಾಲ ಬಳಿ ಬಟ್ಟೆಯ ಚೀಲ, ಅದರಲ್ಲಿ ಬಾಟಲಿ. ಮುಂದೆ ಬಿಳಿ ಅರಿವೆ ಹಾಸಿದ ಮೇಜು, ಅದರ ಮೇಲೆ ಬೆಳ್ಳಿಯ ಬಟ್ಟಲು. ಮೇಜಿನ ಕೆಳಗೆ ಮಲಕಪ್ಪ ಕಾಕಾ ತಂದಿಟ್ಟ ಜ್ಯೂಸಿನ ಡಬ್ಬಿ, ಮೇಲೆ ನಗುವ ದ್ರಾಕ್ಷಿಗೊನೆಯ ಚಿತ್ರ.

ಅಯ್ಯನವರು ಕರೆದಾಗ ವಿಕಾಸ ಎದ್ದ. ಸಭೆಯ ಕಡೆ ನೋಡಿದ, ಫೋನಿನ ಕಡೆ ನೋಡಿದ. "ನಮ್ಮಪ್ಪ ಇಂದು ಒಂದು ತೊಟ್ಟೂ ಕುಡಿಯೋದಿಲ್ಲ," ಅಂತ ಶುರು ಮಾಡಿದ. "ದೇವರು ಅಂವನ್ನ ಬಿಡಿಸ್ಯಾನ. ನಾ ಅಂವನ್ನ ಕ್ಷಮಿಸೀನಿ. ನೀವೂ ಕ್ಷಮಿಸ್ರಿ. ಬಿದ್ದಾಂವ ಎದ್ದ ಮ್ಯಾಲ ಬಟ್ಟಲಾ ಅವನ ಕೈಗೆ ಕೊಡಲಿಲ್ಲಂದ್ರ ಕೃಪೆ ಅನ್ನೂದಕ್ಕ ಅರ್ಥ ಏನ್ರಿ? ಅಪ್ಪಾ, ನಿನ್ನ ಸಲುವಾಗಿ ದೇವರಿಗೆ ಸ್ತೋತ್ರ."

ಪಾಸ್ಟರ್ ಸುಖೇಶ್ ಕಣ್ಣೊರೆಸಿಕೊಂಡರು. ವಿಕಾಸ ಅಪ್ಪನ ಕಡೆ ತಿರುಗಿ ನಕ್ಕ. ಕೆಲಸ ಮಾಡಿಕೊಟ್ಟೆ ಅನ್ನುವ ನಗೆ. ಕಥೆಯನ್ನೂ ಉಳಿಸಿ ಬಟ್ಟಲನ್ನೂ ಕೊಡಿಸಿದೆ ಅಂತ ಆ ಕತ್ತೆ ನಿಜವಾಗಿ ನಂಬಿದ್ದ.

"ಸುಳ್ಳು," ಅಂತ ನಾನು ಎದ್ದೆ.

"ಕೂಡವಾ ನೀಲಿಮಾ," ಅಂದರು ಮಲಕಪ್ಪ ಕಾಕಾ.

ಅವ್ವ ಎದ್ದಳು. ಸಭೆಯಲ್ಲಿ ಅವಳು ಯಾವತ್ತೂ ಬಾಯಿ ತೆರೆದವಳಲ್ಲ. "ಇವರ ಬಾಯಿ ವಾಸನಿ ನನಗಿಂತ ಹೆಚ್ಚು ಯಾರಿಗೆ ಗೊತ್ತದ್ರಿ? ಒಂದ್ ದಿನಾನೂ ಕುಡದಿಲ್ಲ ಇವರು."

ಹಿಂದೆ ಯಾರೋ ನಕ್ಕರು. "ಪಾಪ, ಇನ್ನೂ ಮುಚ್ಚತಾಳ ನೋಡ್ರಿ," ಅಂದರು ರಾಜೀವಿ ಆಂಟಿ. ಅವರು ಕರಾವಳಿಯ ಕಾಪುವಿನವರು, ಮದುವೆಯಾಗಿ ಬಂದು ನಮ್ಮ ಮಾತು ಕಲಿತಿದ್ದಾರೆ, ಕಲಿತದ್ದನ್ನು ಚೆನ್ನಾಗಿ ಬಳಸುತ್ತಾರೆ.

ಅಯ್ಯನವರು ಕೈ ಎತ್ತಿ ಸುಮ್ಮನಿರಿಸಿದರು. "ಯಾಕೋಬಪ್ಪನವರ, ನೀವ ಹೇಳ್ರಿ. ಮಗ ಹೇಳಿದ್ದು ಖರೇನೋ ಸುಳ್ಳೋ? ನೀವು ಅಂದದ್ದನ್ನ ನಾವು ಒಪ್ಪತೇವಿ."

ಅಪ್ಪ ಎದ್ದು ನಿಂತ. ಇಷ್ಟು ಸುಲಭದ ಪ್ರಶ್ನೆ ಯಾರಿಗೂ ಸಿಗುವುದಿಲ್ಲ. ಒಂದು ಶಬ್ದ ಸಾಕಾಗಿತ್ತು. ಅವನು ಅಯ್ಯನವರಿಗೆ ಉತ್ತರ ಕೊಡಲಿಲ್ಲ. ಮಗನ ಕಡೆ ತಿರುಗಿದ.

"ವಿಕ್ಯಾ, ಪ್ರಲ್ಹಾದ ಸರ್ ಹೆಂಗದಾರೋ?"

ಇಡೀ ಹಾಲಿನಲ್ಲಿ ಅದು ತಿಳಿದದ್ದು ನಾಲ್ವರಿಗೆ. ಅವ್ವ ಸೆರಗು ಬಾಯಿಗೆ ಒತ್ತಿದಳು. ವಿಕಾಸನ ಮುಖದಿಂದ ನಗೆ ಇಳಿಯಿತು. ಅವನು ಹೇಳಿದ್ದು ಸುಳ್ಳು ಅಂತ ಅಪ್ಪ ಅನ್ನಲಿಲ್ಲ. ಅದನ್ನು ಹೇಳುವ ಕೆಲಸವನ್ನು ಅವನಿಗೇ ಬಿಟ್ಟಿದ್ದ. ನಾವು ಚಿಕ್ಕವರಿದ್ದಾಗ ಕನ್ನಡಕ ತೆಗೆದು ನಮ್ಮ ಬಾಯಿಂದ ಹೆಸರು ಬರಲಿ ಅಂತ ಕಾದ ಹಾಗೆ ಕಾಯುತ್ತಿದ್ದ.

"ಪ್ರಲ್ಹಾದ ಯಾರ್ರಿ?" ಅಂತ ಮಲಕಪ್ಪ ಕಾಕಾ ಪಕ್ಕದವರನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. "ಕುಡಿಯೂ ದೋಸ್ತ ಏನು?"

ಇಂಪನಾಳ ಫೋನು ಅಲುಗದೆ ನಿಂತಿತ್ತು. ವಿಕಾಸ ಅದನ್ನು ನೋಡಿದ. ತುಟಿ ನೆಕ್ಕಿಕೊಂಡ.

"ಯಾವ ಪ್ರಲ್ಹಾದ, ಅಪ್ಪಾ?" ಅಂದ. "ನಂಗೊತ್ತಿಲ್ಲ."

ಅಪ್ಪ ಬಗ್ಗಿ ಚೀಲ ಎತ್ತಿಕೊಂಡ. ಬಾಟಲಿ ಬೆಂಚಿಗೆ ತಾಗಿ ಸದ್ದು ಮಾಡಿತು, ಕೆಲವರು ಅದನ್ನೂ ಅರ್ಥಪೂರ್ಣವಾಗಿ ನೋಡಿದರು. ಅವನು ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದ. ನಾನೂ ಅವ್ವನೂ ಹಿಂದೆ ಹೋದೆವು. ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ ಒಳಗೆ ಮಲಕಪ್ಪ ಕಾಕಾ ಡಬ್ಬಿಯ ಮೂಲೆಯನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ವಿಕಾಸ ನಮ್ಮ ಹಿಂದೆ ಬರಲಿಲ್ಲ. ಪಾಸ್ಟರ್ ಸುಖೇಶ್ ಅವನ ಹೆಗಲ ಮೇಲೆ ಕೈ ಇಟ್ಟಿದ್ದರು.

ಆ ರಸ ಬಹಳ ದಿನ ಇರುವುದಿಲ್ಲ. ಮನೆಗೆ ಬಂದು ಅವ್ವ ಅದನ್ನು ಸ್ಟೀಲಿನ ಲೋಟಗಳಿಗೆ ಹಾಕಿ ಕೊಟ್ಟಳು. ಸಿಹಿ ಜಾಸ್ತಿಯಾಗಿತ್ತು. ಯಾವಾಗಲೂ ಜಾಸ್ತಿಯೇ ಆಗಿರುತ್ತಿತ್ತು. ಸಭೆಯಲ್ಲಿ ಒಂದೇ ಗುಟುಕು ಸಿಗುವುದರಿಂದ ಯಾರಿಗೂ ತಿಳಿದಿರಲಿಲ್ಲ. ಅಪ್ಪ ಮುಟ್ಟಲಿಲ್ಲ.

"ಒಂದ್ ಮಾತು ಅನ್ನಬೇಕಿತ್ತು ನೀ," ಅಂದೆ. "ಅಯ್ಯನವರು ಬಾಯಿಬಿಟ್ಟು ಕೇಳಿದ್ರು."

"ನಾ ಅಂದಿದ್ರ ಬಟ್ಟಲಾ ಸಿಗತಿತ್ತು," ಅಂದ. "ಅಂವಾ ಅಂದಿದ್ರ ಅಂವಾ ಸಿಗತಿದ್ದ."

ಇದೂ ಮೂರ್ಖತನವೇ. ಎರಡರಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಸಂಜೆ ಪ್ರಾರ್ಥನೆಗೆ ಕೂತೆವು. ನಿನ್ನೆ ನಿಲ್ಲಿಸಿದ ಅಧ್ಯಾಯದ ಮುಂದಿನದು. ಅಪ್ಪ ಅದೇ ದನಿಯಲ್ಲಿ ಓದಿದ, ಒಂದು ವಚನವನ್ನೂ ಬಿಡಲಿಲ್ಲ. ನಮ್ಮನ್ನು ಮನೆಗೆ ಬಿಟ್ಟ ರಿಕ್ಷಾದವನ ಸಲುವಾಗಿ ಅವ್ವ ಸ್ತೋತ್ರ ಹೇಳಿದಳು. ನಾನು ಅವ್ವನ ಹೆಸರು ಹೇಳಿದೆ. ಅಪ್ಪನ ಸರದಿ ಬಂತು. ಅವನು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಮಡಚಿದ.

"ಇಂದು ನಂಗ ಯಾರೂ ಇಲ್ಲ," ಅಂದ.

ಇದೆಲ್ಲ ಆಗಿ ಏಳು ತಿಂಗಳಾಯಿತು. ಕ್ಯಾಂಪಿನ ಸಭೆ ಒಬ್ಬ ಹಿರಿಯನನ್ನು ಕಳೆದುಕೊಂಡಿತು. ಅಯ್ಯನವರಿಗೆ ಕಾತ್ರಜದ ಸ್ಕೂಟರ್ ಹೋಯಿತು, ರಿಕ್ಷಾ ಮಾಡಿಕೊಂಡು ಬರುತ್ತಾರೆ. ಅಪ್ಪನಿಗೆ ಬಟ್ಟಲು ಹೋಯಿತು, ಅವ್ವನಿಗೆ ಮಗ ಹೋದ. ವಿಕಾಸನಿಗೆ ಏನೂ ಹೋಗಲಿಲ್ಲ. ಈಗ ಅವನು ಬೇರೆಯವರಿಗೆ ಸಾಕ್ಷಿ ಬರೆದುಕೊಡುವ ತಂಡದಲ್ಲಿದ್ದಾನೆ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನಾಲ್ಕು ಹೆಸರು ಹೇಳುತ್ತಿದ್ದೆವು. ಈಗ ಎರಡು, ಅವ್ವನದು ಮತ್ತು ನನ್ನದು.